ನಾಲ್ಕು ಗಂಟೆಯವರೆಗೆ ಸತ್ತವನು

ತಾನು ಸತ್ತುಹೋಗಿದ್ದೇನೆಂಬ ಸಂಗತಿ ಓಬೆಡ್ ಸ್ಪ್ರಾಟ್‌ಗೆ ಮೊದಲು ಗೊತ್ತಾದದ್ದು ಜಾಬ್ಲಿಂಗ್‌ನ ಕ್ಷೌರದಂಗಡಿಯಲ್ಲಿ, ಫೆಬ್ರವರಿಯ ಒಂದು ಗುರುವಾರ ಬೆಳಗ್ಗೆ, ಅರ್ಧ ಮುಖಕ್ಕೆ ಸೋಪು ಹಚ್ಚಿಸಿಕೊಂಡು ಕೂತಿದ್ದಾಗ.

ಓಬೆಡ್‌ಗೆ ಓದು ಬರುತ್ತಿರಲಿಲ್ಲ. ಬರ್ಮಂಡ್ಸಿಯ ನಮ್ಮ ಗೂಸ್ ಕೋರ್ಟ್ ವಠಾರದಲ್ಲಿ ಓದು ಬರುತ್ತಿದ್ದವನು ಕ್ಷೌರಿಕ ಜಾಬ್ಲಿಂಗ್ ಒಬ್ಬನೇ. ಗಡ್ಡ ಮಾಡಿಸಿಕೊಂಡವರಿಗೆ ಮಾತ್ರ ಅವನು ಕಾಗದ ಓದಿ ಹೇಳುತ್ತಿದ್ದ. ಹೀಗಾಗಿ ನಮ್ಮ ವಠಾರದಲ್ಲಿ ಯಾರ ಗಡ್ಡವಾದರೂ ನುಣ್ಣಗಾಗಿದೆಯೆಂದರೆ ಅವರ ಮನೆಗೆ ಏನೋ ಕೆಟ್ಟ ಸುದ್ದಿ ಬಂದಿದೆಯೆಂದೇ ಲೆಕ್ಕ.

ಜಾಬ್ಲಿಂಗ್ ಗಂಟಲು ಸರಿಮಾಡಿಕೊಂಡು ಓದಿದ: "'ಗೂಸ್ ಕೋರ್ಟಿನಲ್ಲಿ ಕೆಜಿಯಾ ಎಂಬ ಅನಾಥೆಯನ್ನು ಸಾಕುತ್ತಿರುವ ಪುಣ್ಯಾತ್ಮರಿಗೆ. ಮಿಸ್ಟರ್ ಅಪ್‌ಜಾನ್ ಅವರು ಬರೆದ "ಅನಾಥೆ" ಎಂಬ ಚಿತ್ರವನ್ನು ನಾನು ಕೊಂಡಿರುತ್ತೇನೆ. ಅದರ ಮುಂದೆ ನಿಂತು ಮೂರು ಸಲ ಅತ್ತಿರುತ್ತೇನೆ. ಈ ಗುರುವಾರ ಮಧ್ಯಾಹ್ನ ಮೂರಕ್ಕೆ ಬಂದು ಆ ಬಾಲಕಿಯ ಮುಂದಿನ ಬದುಕಿಗೆ ತಕ್ಕ ಏರ್ಪಾಡು ಮಾಡುತ್ತೇನೆ. ಬೂಟು, ಉಣ್ಣೆಯ ಬಟ್ಟೆ ಮತ್ತು ಕಲ್ಲಿದ್ದಲನ್ನು ಜೊತೆಯಲ್ಲೇ ತರುತ್ತೇನೆ. ಮಿಸೆಸ್ ಹಾಲ್‌ಕ್ರೋ.'"

"ಯಾವ ಅನಾಥೆ? ಕಿಜಿಗೆ ನಾನಿದ್ದೀನಲ್ಲ!" ಎಂದ ಓಬೆಡ್.

ಜಾಬ್ಲಿಂಗ್ ಕಾಗದದ ಹಿಂಬದಿಯನ್ನೂ ತಿರುಗಿಸಿ ನೋಡಿದ. "ಈ ಕಾಗದದ ಪ್ರಕಾರ ಇಲ್ಲ ಕಣಯ್ಯ. ಅನಾಥೆ ಅಂದ್ರೆ ಅಪ್ಪ ಅಮ್ಮ ಇಬ್ರೂ ಇಲ್ದೋಳು. ಹನ್ನಾ ಹೇಗೂ ಹೋದ್ಳು. ಈಗ ನೀನೂ ಹೋದೆ. ಎಡಗಡೆ ಕೆನ್ನೆ ತಿರುಗ್ಸು."

ಓಬೆಡ್ ಕೊಡೆ ರಿಪೇರಿಯವನು. ಹೆಗಲಿಗೆ ಮುರುಕು ಕೊಡೆಗಳ ಕಟ್ಟು, ಕೈಯಲ್ಲಿ ಇಕ್ಕಳ, ತಂತಿ. ಅವನ ದನಿ ಪಕ್ಕದಲ್ಲಿದ್ದವರಿಗೂ ಕೇಳುತ್ತಿರಲಿಲ್ಲವಾದ್ದರಿಂದ ಬೀದಿಬೀದಿಯಲ್ಲಿ "ಕೊಡೇ ರಿಪೇರೀ" ಎಂದು ಕೂಗುತ್ತಿದ್ದವಳು ಒಂಬತ್ತು ವರ್ಷದ ಮಗಳು ಕಿಜಿ. ಕಳೆದ ಅಕ್ಟೋಬರಿನಲ್ಲಿ ಅಪ್‌ಜಾನ್ ಎಂಬ ಚಿತ್ರಗಾರ ಅವಳನ್ನು ವಠಾರದ ಮೆಟ್ಟಿಲ ಮೇಲೆ ಒಂದು ಹರಕು ಕೊಡೆಯ ಕೆಳಗೆ ಕೂರಿಸಿ ನಾಲ್ಕು ದಿನ ಚಿತ್ರ ಬರೆದಿದ್ದ. ನಾಲ್ಕು ದಿನವೂ ಮಳೆ. ಆ ನಾಲ್ಕು ದಿನವೂ ಚಿತ್ರಗಾರನ ನೆತ್ತಿಗೆ ಹನಿ ಬೀಳದಂತೆ ಕೊಡೆ ಹಿಡಿದು ನಿಂತಿದ್ದವನು ಓಬೆಡ್. ಚಿತ್ರದ ಅಂಚಿನಿಂದ ಸರಿಯಾಗಿ ಒಂದೂವರೆ ಅಡಿ ಆಚೆ! ಅಪ್‌ಜಾನ್ ಕೈಗಿಂತ ಬಾಯನ್ನೇ ಹೆಚ್ಚು ಆಡಿಸುವ ಮನುಷ್ಯ. ಅವನು ಆಡಿದ್ದನ್ನೆಲ್ಲ ಓಬೆಡ್ "ಹೌದು ಸಾರ್, ಹೌದು ಸಾರ್" ಎಂದು ಕೇಳಿಸಿಕೊಂಡಿದ್ದ. ಆದರೆ ತನ್ನನ್ನು ಸಾಯಿಸುವ ಮಾತು ಅದರಲ್ಲಿ ಬಂದಿರಲಿಲ್ಲ.

ಅಂಗಡಿಯಿಂದ ಅವನು ಮನೆ ಸೇರುವಷ್ಟರಲ್ಲಿ ಸುದ್ದಿ ಅವನಿಗಿಂತ ಮುಂದೆ ಹೋಗಿ ಒಳಗೆ ಕೂತಿತ್ತು. ಮಿಸೆಸ್ ಗಲ್ಲಿಫೋರ್ಡ್ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ವಠಾರದಲ್ಲಿ ಹುಟ್ಟುವವರನ್ನು ಈಚೆಗೆ ಎಳೆಯುವವಳೂ ಅವಳೇ, ಸತ್ತವರನ್ನು ತೊಳೆದು ಮಲಗಿಸುವವಳೂ ಅವಳೇ. ನಡುವೆ ಬದುಕಿರುವವರ ವಿಷಯದಲ್ಲಿ ಅವಳಿಗೆ ಅಷ್ಟು ಗೌರವವಿರಲಿಲ್ಲ. ಅವಳ ಪಕ್ಕದಲ್ಲಿ ಟಾಫ್ಟ್. ಅವನು ಮನೆಮನೆಯ ಬೆಕ್ಕುಗಳಿಗೆ ಕುದುರೆ ಮಾಂಸ ಮಾರುವವನು.

"ಏ ಓಬೆಡ್ಡೂ," ಎಂದಳು ಗಲ್ಲಿಫೋರ್ಡ್, "ನೀನು ಸಂಜೆ ನಾಲ್ಕು ಗಂಟೆವರೆಗೂ ಸತ್ತಿರು. ಆಮೇಲೆ ನಿನ್ನಿಷ್ಟ."

"ನಾನು ಸಾಯಲ್ಲ ಮಿಸೆಸ್ ಗಲ್ಲಿಫೋರ್ಡ್. ಆಯಮ್ಮನಿಗೆ ನಿಜ ಹೇಳ್ಬಿಡ್ತೀನಿ."

"ನಿಜ ಹೇಳು, ಹೇಳಿ ಅದನ್ನೇ ಒಲೆಗೆ ಹಾಕ್ಕೊ." ಅವಳು ಒಲೆಯತ್ತ ಬೆರಳು ಮಾಡಿದಳು. ಒಲೆಯಲ್ಲಿ ಬೂದಿ ಕೂಡ ಹಳೆಯದಾಗಿತ್ತು. "ಹನ್ನಾ ಹೋದದ್ದು ಯಾವ ತಿಂಗಳು ಹೇಳು? ಇದೇ ಫೆಬ್ರವರಿ. ಇದೇ ಕೋಣೆ. ನಾನೇ ತೊಳೆದೆ. ನನ್ನ ಕೈ ಬೆಚ್ಚಗೆ ಮಾಡ್ಕೊಳ್ಳೋಕೂ ಆವತ್ತು ಈ ಒಲೇಲಿ ಬೆಂಕಿ ಇರ್ಲಿಲ್ಲ. ಈಗ ಈ ಹುಡುಗಿ ಕೆಮ್ಮೋದು ನಿನಗೆ ಕೇಳ್ಸುತ್ತೋ ಇಲ್ವೋ?"

ಕಿಜಿ ಮೂಲೆಯಲ್ಲಿ ಕೂತು ಕೊಡೆಯ ಬಟ್ಟೆಗೆ ಹೊಲಿಗೆ ಹಾಕುತ್ತಿದ್ದಳು. ಆಗಷ್ಟೇ ಕೆಮ್ಮಲು ಹೊರಟವಳು ಬಾಯಿ ಮುಚ್ಚಿಕೊಂಡು ತಡೆದಳು. ಕೆಮ್ಮಿದ್ದರೆ ಓಬೆಡ್‌ಗೆ ಅಷ್ಟು ಸಂಕಟವಾಗುತ್ತಿರಲಿಲ್ಲವೇನೋ. ಅವನು ಬಿರುಗಾಳಿಗೆ ಮಗುಚಿಕೊಂಡ ಕೊಡೆಯ ಹಾಗೆ ಕುರ್ಚಿಯ ಮೇಲೆ ಕುಸಿದ. "ಆಯ್ತು. ನಾಲ್ಕು ಗಂಟೆವರೆಗೆ ಮಾತ್ರ."

"ಹೇಗೆ ಸತ್ತ ಅಂತ ಹೇಳೋದು?" ಎಂದ ಟಾಫ್ಟ್, ತುಂಬ ಉತ್ಸಾಹದಿಂದ. "ಜ್ವರ ಅನ್ನೋಣ್ವಾ?"

"ಜ್ವರ ಅಂದ್ರೆ ಆಯಮ್ಮ ಗಾಡಿಯಿಂದ ಇಳಿಯೋದೇ ಇಲ್ಲ. ಕುದುರೆ ತುಳೀತು ಅನ್ನು."

"ಕುದುರೆ ವಿಷಯ ಬೇಡ. ನನ್ನ ವ್ಯಾಪಾರಕ್ಕೆ ಕೆಟ್ಟದು."

ಅಷ್ಟರಲ್ಲಿ ಜಾಬ್ಲಿಂಗ್ ಕೂಡ ಬಂದ. ಆಯಮ್ಮ ಕೇಳಿದರೆ ಸತ್ತವನ ಬಗ್ಗೆ ನಾಲ್ಕು ಒಳ್ಳೆಯ ಮಾತಾಡಬೇಕಲ್ಲ ಎಂದು ಎಲ್ಲರೂ ಯೋಚಿಸಲು ಕೂತರು. ಬಹಳ ಹೊತ್ತು ಯಾರಿಗೂ ಏನೂ ಹೊಳೆಯಲಿಲ್ಲ. ಕೊನೆಗೆ ಟಾಫ್ಟ್ ಹೇಳಿದ: "ನನ್ನ ಕೊಡೆ ರಿಪೇರಿ ಮಾಡಿಕೊಟ್ಟಿದ್ದ. ಒಂದು ಕಡೆ ಸೋರೋದು ನಿಂತು ಇನ್ನೊಂದು ಕಡೆ ಶುರುವಾಯ್ತು. ಆದ್ರೆ ಮನುಷ್ಯ ಕೆಟ್ಟವನಲ್ಲ."

"ಅಷ್ಟು ಸಾಕು," ಎಂದ ಜಾಬ್ಲಿಂಗ್. "ಜಾಸ್ತಿ ಹೇಳಿದ್ರೆ ನಂಬಲ್ಲ."

ಓಬೆಡ್ ಎದುರಿಗೇ ಕೂತು ಎಲ್ಲವನ್ನೂ ಕೇಳಿಸಿಕೊಂಡ. ಸತ್ತವರಿಗೆ ಈ ಮಾತುಗಳು ಕೇಳಿಸುವುದಿಲ್ಲವಲ್ಲ, ಅವರ ಅದೃಷ್ಟವೇ ಅದೃಷ್ಟ ಎನ್ನಿಸಿತು ಅವನಿಗೆ.

"ಅಪ್ಪಾ, ನಾನು ಅಳಬೇಕಾ?" ಎಂದು ಕಿಜಿ ಕೇಳಿದಳು.

"ಬೇಡಮ್ಮ."

"ಅಳಬೇಕು," ಎಂದಳು ಗಲ್ಲಿಫೋರ್ಡ್.

ಎರಡು ಗಂಟೆಗೆ ಬಾಡಿಗೆ ಗಾಡಿಯೊಂದು ವಠಾರದ ಬಾಯಲ್ಲಿ ನಿಂತಿತು. ಅದರಿಂದ ಅಪ್‌ಜಾನ್ ಇಳಿದು ಓಡೋಡಿ ಬಂದ. ಮುಖ ಹಸಿ ಸುಣ್ಣದ ಗೋಡೆಯ ಹಾಗಿತ್ತು. "ಆಯಮ್ಮ ಬರ್ತಿದ್ದಾಳೆ ಅಂತ ಈಗ ಗೊತ್ತಾಯ್ತು. ಅಪ್ಪ ಸಮುದ್ರದಲ್ಲಿ ಮುಳುಗಿ ಸತ್ತ ನಾವಿಕ ಅಂತ ಹೇಳಿಬಿಟ್ಟಿದ್ದೀನಿ. ಎಲ್ಲಿ ಅವನು?"

"ಇಲ್ಲೇ ಇದ್ದೀನಿ ಸಾರ್. ಆದ್ರೆ ಸಮುದ್ರ ಅಂದ್ರಲ್ಲ, ನನಗೆ ಥೇಮ್ಸ್ ದಾಟೋ ದೋಣಿ ಹತ್ತಿದ್ರೂ ವಾಂತಿ ಬರುತ್ತೆ."

"ಸತ್ತವನು ವಾಂತಿ ಮಾಡಲ್ಲ. ನಡಿ, ಎಲ್ಲಾದ್ರೂ ಅಡಗಿಕೊ." ಅವನು ಕೋಣೆಯ ಸುತ್ತ ಕಣ್ಣಾಡಿಸಿದ. "ಅಯ್ಯೋ, ಇಷ್ಟೊಂದು ಸಾಮಾನು! ಅನಾಥೆಗೆ ಕುರ್ಚಿ ಯಾಕೆ? ತೆಗೀರಿ. ಆ ಕೆಟಲ್ಲೂ ತೆಗೀರಿ. ಕಿಟಕಿಯ ಒಡೆದ ಗಾಜಿಗೆ ತುರುಕಿದ ಚಿಂದಿ ಕೂಡ ಬೇಡ, ಗಾಳಿ ಬರಲಿ."

ನೆರೆಯವರಿಗೆ ಎರಡನೇ ಸಲ ಹೇಳಬೇಕಾಗಲಿಲ್ಲ. ಟಾಫ್ಟ್ ಕುರ್ಚಿ ಹೊತ್ತ. ಗಲ್ಲಿಫೋರ್ಡ್ ಕೆಟಲ್, ಕಂಬಳಿ ಎರಡನ್ನೂ ಹಿಡಿದಳು. ಜಾಬ್ಲಿಂಗ್ ಓಬೆಡ್‌ನ ಕೋಟನ್ನು ಎಲ್ಲಿಡಬೇಕೆಂದು ತಿಳಿಯದೆ ತಾನೇ ಹಾಕಿಕೊಂಡ. ಹತ್ತು ನಿಮಿಷದಲ್ಲಿ ಓಬೆಡ್‌ನ ಕೋಣೆಯಲ್ಲಿ ಮಗಳು ಮತ್ತು ನಾಲ್ಕು ಗೋಡೆ ಬಿಟ್ಟು ಬೇರೇನೂ ಉಳಿಯಲಿಲ್ಲ. ಬರಿಯಂಗಿಯಲ್ಲಿದ್ದ ಓಬೆಡ್‌ನನ್ನು ಕ್ಷೌರದಂಗಡಿಯ ಕೆಳಗಿನ ಕಲ್ಲಿದ್ದಲು ಗುಂಡಿಗೆ ಇಳಿಸಿದರು. ಕಲ್ಲಿದ್ದಲು ಎರಡು ಸಲಿಕೆ ಇತ್ತು, ಅದರ ಪುಡಿ ಮಾತ್ರ ಗುಂಡಿ ತುಂಬ ಇತ್ತು. ಗಲ್ಲಿಫೋರ್ಡ್ ಒಂದು ಸೀಸೆಯನ್ನು ಅವನ ಕೈಗಿಟ್ಟಳು. "ಜಿನ್ನು. ಎದೆಗೆ ಥಂಡಿ ಹತ್ತೀತು, ಆಗಾಗ ಗುಟುಕರಿಸ್ತಿರು. ನಿಜವಾಗ್ಲೂ ಸತ್ತುಗಿತ್ತೀಯ!"

ಮೇಲೆ ಹಲಗೆ ಮುಚ್ಚಿತು. ಹಲಗೆ ಅಲುಗಾಡದಿರಲಿ ಎಂದು ಜಾಬ್ಲಿಂಗ್ ಅದರ ಮೇಲೆ ಕ್ಷೌರದ ಭಾರಿ ಕುರ್ಚಿಯನ್ನು ಎಳೆದಿಟ್ಟು, ಅಂಗಡಿಗೆ ಬೀಗ ಹಾಕಿಕೊಂಡು ಹೋದ.

ಗುಂಡಿಯಲ್ಲಿ ಬೆಳಕು ಬರುತ್ತಿದ್ದದ್ದು ಕಲ್ಲಿದ್ದಲು ಸುರಿಯುವ ಕಿಂಡಿಯೊಂದರಿಂದ ಮಾತ್ರ. ಅದು ಅಂಗಳಕ್ಕೆ, ಓಬೆಡ್‌ನ ಕಿಟಕಿಯ ಪಕ್ಕಕ್ಕೇ ತೆರೆದಿತ್ತು. ಅವನು ಗೋಡೆಗೊರಗಿ ಕೂತು ನಡುಗಿದ. ಒಂದು ಗುಟುಕು ಕುಡಿದ. ಹನ್ನಾಳ ನೆನಪಾಯಿತು. ಅವಳಿಗೂ ಹೀಗೇ ಚಳಿಯಾಗುತ್ತಿರಬಹುದೇ ಎಂದುಕೊಂಡು ಇನ್ನೊಂದು ಗುಟುಕು ಕುಡಿದ. ವರ್ಷಕ್ಕೆ ಒಂದು ಸಲ, ಕ್ರಿಸ್‌ಮಸ್ ದಿನ ತುಟಿ ಒದ್ದೆ ಮಾಡಿಕೊಳ್ಳುವ ಮನುಷ್ಯ. ಮೂರು ಗಂಟೆ ಹೊಡೆಯುವ ಹೊತ್ತಿಗೆ ಸೀಸೆ ಅರ್ಧವಾಗಿತ್ತು. ಕಣ್ಣಿಗೆ ಎರಡು ಕಿಂಡಿ ಕಾಣುತ್ತಿದ್ದವು.

ಗಾಡಿಯ ಸದ್ದು. ರೇಷ್ಮೆಯ ಸರಸರ. ನಂತರ ಕಿಟಕಿಯ ಒಡೆದ ಗಾಜಿನಿಂದ ಮಿಸೆಸ್ ಹಾಲ್‌ಕ್ರೋ ಬಿಕ್ಕುವ ಸದ್ದು. "ಅಯ್ಯೋ, ಚಿತ್ರದಲ್ಲಿದ್ದ ಹಾಗೇ ಇದ್ದಾಳೆ! ಒಂದು ಕುರ್ಚಿಯೂ ಇಲ್ಲ! ಕಂದಾ, ನಿನ್ನ ಕಷ್ಟ ಇವತ್ತಿಗೆ ಮುಗೀತು. ಮುಂದಿನ ಬುಧವಾರ ಲಿವರ್‌ಪೂಲಿನಿಂದ ಹಡಗು ಹೊರಡುತ್ತೆ. ನಮ್ಮ ಅನಾಥ ಮಕ್ಕಳ ಸಂಘದವರು ನಿನ್ನನ್ನ ಕೆನಡಾಕ್ಕೆ ಕಳಿಸ್ತಾರೆ. ಅಲ್ಲಿ ಒಳ್ಳೆ ರೈತರ ಮನೆ, ಹಾಲು, ಬೆಣ್ಣೆ. ಇವತ್ತೇ ನನ್ನ ಗಾಡೀಲಿ ಬಂದುಬಿಡು."

ಗುಂಡಿಯಲ್ಲಿ ಓಬೆಡ್‌ನ ಕೈಯಿಂದ ಸೀಸೆ ಜಾರಿತು. ಉಳಿದ ಜಿನ್ನೆಲ್ಲ ಅವನ ಅಂಗಿಯ ಮೇಲೆ ಸುರಿಯಿತು.

ಕೆನಡಾದ ಮಾತು ಯಾರ ಲೆಕ್ಕದಲ್ಲೂ ಇರಲಿಲ್ಲ. ಮೇಲಿಂದ ಕಿಜಿಯ ದನಿ ಬೀದಿಯಲ್ಲಿ ಕೂಗುವಷ್ಟೇ ಗಟ್ಟಿಯಾಗಿ ಕೇಳಿಸಿತು: "ನಾನು ಬರಲ್ಲ. ನನಗೆ ಅಪ್ಪ ಇದ್ದಾನೆ."

"ಇದ್ದಾನೆ ಕಂದಾ. ಮೇಲಿದ್ದಾನೆ."

"ಮೇಲಲ್ಲ, ಕೆಳಗೆ."

"ಹೌದು, ಸಮುದ್ರದ ತಳದಲ್ಲಿ…"

"ಸಮುದ್ರ ಅಲ್ಲ. ಜಾಬ್ಲಿಂಗ್ ಮಾಮನ ಅಂಗಡಿ ಕೆಳಗೆ."

ಮಿಸೆಸ್ ಹಾಲ್‌ಕ್ರೋ ಬೆಚ್ಚಿದಳು. "ಅಪ್‌ಜಾನ್, ಅಂಗಡಿ ಕೆಳಗೆ ಹೂಳ್ತಾರಾ?"

"ಹೆಣ… ಹೆಣ ತೇಲಿಬಂತು ಮೇಡಂ," ಎಂದ ಅಪ್‌ಜಾನ್. "ಸ್ಮಶಾನದಲ್ಲಿ ಜಾಗ ಇರಲಿಲ್ಲ."

ಅಷ್ಟು ಹೊತ್ತಿಗೆ ಓಬೆಡ್ ಹಲಗೆಗೆ ಭುಜ ಕೊಟ್ಟು ತಳ್ಳುತ್ತಿದ್ದ. ಕ್ಷೌರದ ಕುರ್ಚಿ ಜಗ್ಗಲಿಲ್ಲ. ಕಿಂಡಿಯೊಂದೇ ದಾರಿ. ಅದು ಕಲ್ಲಿದ್ದಲಿಗೆ ಮಾಡಿಸಿದ ಕಿಂಡಿ, ಅಪ್ಪಂದಿರಿಗಲ್ಲ. ತಲೆ ಹೊರಬಂತು, ಒಂದು ತೋಳು ಬಂತು, ಮಿಕ್ಕದ್ದು ಬರಲೊಲ್ಲದು. ಅಂಗಳದಲ್ಲಿ ಮಿಸೆಸ್ ಹಾಲ್‌ಕ್ರೋ ಕಿಜಿಯ ಕೈ ಹಿಡಿದು ಗಾಡಿಯತ್ತ ನಡೆದದ್ದು ಕಾಣಿಸಿತು. ಅವನು ಅಂಗಿ ಹರಿದು, ಚರ್ಮ ಸುಲಿದು, ಅಂತೂ ಈಚೆಗೆ ಬಂದು ಬಿದ್ದ. ಎದ್ದು ನಿಂತಾಗ ತಲೆಯಿಂದ ಕಾಲಿನವರೆಗೆ ಕಪ್ಪು. ಕಣ್ಣೆರಡು ಮಾತ್ರ ಕೆಂಪು.

"ನಾನೇ ಅವಳ ಅಪ್ಪ!" ಎಂದು ಕೂಗಿದ. ಹುಟ್ಟಿದ ಮೇಲೆ ಅವನ ದನಿ ಅಷ್ಟು ದೊಡ್ಡದಾಗಿ ಬಂದದ್ದು ಅದೇ ಮೊದಲು.

ಮಿಸೆಸ್ ಹಾಲ್‌ಕ್ರೋ ಚೀರಿದಳು. ಅವಳ ಟೋಪಿಯ ಮೇಲೆ ಅಲಂಕಾರಕ್ಕೆ ಕೂರಿಸಿದ್ದ ಸತ್ತ ಹಕ್ಕಿಯ ಪುಕ್ಕಗಳೆಲ್ಲ ನಡುಗಿದವು. "ಯಾರಿದು?"

"ಗೊತ್ತಿಲ್ಲ ಮೇಡಂ," ಎಂದ ಅಪ್‌ಜಾನ್. "ಯಾರೋ ತಲೆಕೆಟ್ಟವನು."

"ಇವನು ಅಪ್ಪನೇ ಆಗಿದ್ರೆ, ಇಷ್ಟು ಹೊತ್ತು ನನಗೆ ಸುಳ್ಳು ಹೇಳಿದವರೆಲ್ಲ ಜೈಲಿಗೆ ಹೋಗ್ತೀರಿ," ಎಂದು ಮಿಸೆಸ್ ಹಾಲ್‌ಕ್ರೋ ನೆರೆಯವರ ಕಡೆ ತಿರುಗಿದಳು. "ಹೇಳಿ, ಇವನು ಯಾರು?"

ಟಾಫ್ಟ್ ಆಕಾಶ ನೋಡಿದ. ಗಲ್ಲಿಫೋರ್ಡ್ ತಾನೇ ಈಚೆಗೆಳೆದು ಬೆಳಕು ತೋರಿಸಿದ ಮಗುವಿನ ಅಪ್ಪನನ್ನು ಅಡಿಯಿಂದ ಮುಡಿವರೆಗೆ ನೋಡಿ, "ನಾನು ಕಂಡವನಲ್ಲ ಅಮ್ಮಾವ್ರೆ," ಎಂದಳು.

"ಜಾಬ್ಲಿಂಗ್! ನೀನು ಹಾಕ್ಕೊಂಡಿರೋದು ನನ್ನ ಕೋಟು ಕಣೋ!"

"ಸತ್ತವನ ಕೋಟು ಅಮ್ಮಾವ್ರೆ," ಎಂದು ಜಾಬ್ಲಿಂಗ್ ಕಣ್ಣೊರೆಸಿಕೊಂಡ. "ನೆನಪಿಗೆ ಅಂತ ಇಟ್ಕೊಂಡಿದ್ದೀನಿ."

ಕಿಜಿ ಕೈ ಕೊಸರಿಕೊಂಡು ಓಡಿಬಂದು, "ಅಪ್ಪಾ, ಅಪ್ಪಾ" ಎಂದು ಓಬೆಡ್‌ನ ಸೊಂಟವನ್ನು ತಬ್ಬಿಕೊಂಡಳು. ಮಿಸೆಸ್ ಹಾಲ್‌ಕ್ರೋಗೆ ಮತ್ತೆ ಅಳು ಬಂತು. "ಪಾಪ, ನೋಡಿ! ಯಾರನ್ನ ಕಂಡ್ರೂ ಅಪ್ಪ ಅನ್ನೋ ಹಾಗಾಗಿದೆ ಈ ಕೂಸಿಗೆ."

ಓಬೆಡ್ ಸುತ್ತ ನೋಡಿದ. ನಲವತ್ತು ವರ್ಷ ಬದುಕಿದ್ದಕ್ಕೆ ಒಂದು ಸಾಕ್ಷಿಯೂ ಅವನ ಕೈಯಲ್ಲಿರಲಿಲ್ಲ. ಕಡೆಗೆ ಅವನ ಕಣ್ಣು ಅಪ್‌ಜಾನ್‌ನ ಮೇಲೆ ನಿಂತಿತು. ಜಿನ್ನು ನಾಲಿಗೆಯನ್ನು ಸಡಿಲ ಮಾಡಿತ್ತು.

"ನಾಲ್ಕು ದಿನ ನಿಮ್ಮ ತಲೆ ಮೇಲೆ ಕೊಡೆ ಹಿಡಿದವನು ಯಾರು ಸಾರ್? ನೀವು ಹೇಳಿದ್ದೆಲ್ಲ ನೆನಪಿದೆ ನನಗೆ. 'ಹಾಲ್‌ಕ್ರೋ ಅಂತ ಒಬ್ಬ ವಿಧವೆ ಇದ್ದಾಳೆ, ಹರಕು ಲಂಗ ಬರೆದು ಕೆನ್ನೆ ಮೇಲೆ ಎರಡು ಹನಿ ನೀರು ಇಟ್ರೆ ಕಣ್ಮುಚ್ಚಿ ಕೊಂಡ್ಕೊತಾಳೆ, ಚಿತ್ರಾನ ತಲೆಕೆಳಗೆ ನೇತುಹಾಕಿದ್ರೂ ಅಳ್ತಾಳೆ' ಅಂದ್ರಿ. 'ಅವಳ ಟೋಪಿ ಮೇಲೆ ಕೂತಿರೋ ಕೋಳಿಗೆ ಅವಳಿಗಿಂತ ಬುದ್ಧಿ ಜಾಸ್ತಿ' ಅಂದ್ರಿ. ಅದಕ್ಕೆ ನಾನು 'ಹೌದು ಸಾರ್' ಅಂದೆ. ತಪ್ಪಾಯ್ತು ಅಮ್ಮಾವ್ರೆ, ಆಗ ನಿಮ್ಮನ್ನ ನೋಡಿರ್ಲಿಲ್ಲ."

ಅಪ್‌ಜಾನ್‌ನ ಮುಖದಲ್ಲಿ ಅವನ ಬಣ್ಣದ ಹಲಗೆಯ ಮೇಲಿದ್ದ ಬಣ್ಣಗಳೆಲ್ಲ ಒಂದೊಂದಾಗಿ ಬಂದುಹೋದವು. ಮಿಸೆಸ್ ಹಾಲ್‌ಕ್ರೋ ನಿಧಾನವಾಗಿ ಟೋಪಿಯನ್ನು ಮುಟ್ಟಿ ನೋಡಿಕೊಂಡಳು.

"ಇವನು ಅಪ್ಪನೇ," ಎಂದಳು.

ಆಮೇಲೆ ಓಬೆಡ್‌ನ ಹತ್ತಿರ ಬಂದಳು. ಬಂದವಳು ಕರವಸ್ತ್ರವನ್ನು ಮೂಗಿಗೆ ಹಿಡಿದಳು. ಅವನ ಕೆಂಪು ಕಣ್ಣು, ಹರಿದ ಅಂಗಿ, ಅದರಾಚೆ ಬಾಗಿಲು ತೆರೆದಿದ್ದ ಬರಿದು ಕೋಣೆ, ಎಲ್ಲವನ್ನೂ ಬಹಳ ಹೊತ್ತು ನೋಡಿದಳು. "ತಂದೆ ಇರೋ ಮಗುವಿಗೆ ನಮ್ಮ ಸಂಘದಿಂದ ಏನೂ ಮಾಡೋಕಾಗಲ್ಲ," ಎಂದಷ್ಟೇ ಹೇಳಿದಳು. ಬೂಟು, ಬಟ್ಟೆ ಗಾಡಿಯಿಂದ ಇಳಿಯಲೇ ಇಲ್ಲ. ಹಿಂದೆ ಬಂದಿದ್ದ ಕಲ್ಲಿದ್ದಲಿನ ಗಾಡಿ ಬಂದ ದಾರಿಯಲ್ಲೇ ತಿರುಗಿತು.

ಗಾಡಿ ಹತ್ತುವ ಮುಂಚೆ ಅವಳು ಅಪ್‌ಜಾನ್‌ಗೆ ಹೇಳಿದಳು: "ಎಲ್ಲರ ಮುಂದೆ ಅತ್ತು ಕೊಂಡ ಚಿತ್ರ, ವಾಪಸು ಮಾಡಿದ್ರೆ ನನಗೇ ಅವಮಾನ. ಆದ್ರೆ ಸುಳ್ಳು ಹೆಸರಿನ ಚಿತ್ರ ನನ್ನ ಗೋಡೆ ಮೇಲೆ ಇರಕೂಡದು. ಇವತ್ತು ಇಲ್ಲಿ ಕಂಡದ್ದೇನೋ ಅದನ್ನೇ ಹೆಸರಾಗಿ ಬರೀರಿ."

ಓಬೆಡ್‌ಗೆ ಧೈರ್ಯ ಬಂತು. "ಸಾರ್, ಆ ಹೆಸರಲ್ಲಿ ನಾನೂ ಒಂದು ಪದವಾಗಿ ಬರೋ ಹಾಗೆ…"

ಅಪ್‌ಜಾನ್ ಗಾಡಿಯ ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿ ನೋಡಿದ. ನಕ್ಕ. "ನಿನ್ನ ಉಪಕಾರ ಮರೀತೀನಾ? ಇನ್ಮೇಲೆ ಚಿತ್ರದ ಹೆಸರಲ್ಲೇ ನೀನಿರ್ತೀಯ."

ಸಂಜೆ ನೆರೆಯವರು ಒಬ್ಬೊಬ್ಬರಾಗಿ ಬಂದು, ತಲೆ ತಗ್ಗಿಸಿಕೊಂಡು, ಅವನ ಸಾಮಾನು ಬಾಗಿಲಲ್ಲಿಟ್ಟು ಹೋದರು. ಅಪ್ಪ ಮಗಳು ತಣ್ಣಗಿನ ಒಲೆಯ ಮುಂದೆ ಒಂದೇ ಕಂಬಳಿ ಹೊದ್ದು ಕೂತರು.

"ಕೆನಡಾ ಎಲ್ಲಿದೆ ಅಪ್ಪಾ?"

"ದೂರ."

"ಅಲ್ಲಿ ಹಾಲು, ಬೆಣ್ಣೆ ಕೊಡ್ತಾರಂತೆ."

ಓಬೆಡ್ ಕಂಬಳಿಯನ್ನು ಅವಳ ಕಡೆಗೆ ಇನ್ನಷ್ಟು ಎಳೆದ. "ಹೋಗಬೇಕಿತ್ತು ಅನ್ಸುತ್ತಾ ನಿನಗೆ?"

ಕಿಜಿ ಸುಳ್ಳು ಹೇಳುವ ಹುಡುಗಿಯಲ್ಲ. "ಗೊತ್ತಿಲ್ಲ," ಎಂದಳು. ಕೆಮ್ಮಿದಳು. ಈ ಸಲ ತಡೆದುಕೊಳ್ಳಲಿಲ್ಲ.

ಓಬೆಡ್‌ಗೆ ಅವಳಿಗೆ ಕೊಡಲು ಇದ್ದದ್ದು ಒಂದೇ. "ನೋಡು, ಚಿತ್ರದ ಹೆಸರಲ್ಲಿ ನಾವಿಬ್ರೂ ಒಟ್ಟಿಗೆ ಇರ್ತೀವಿ. ಯಾವತ್ತಿಗೂ ಇರುತ್ತೆ ಅದು," ಎಂದ.

ಮಾರ್ಚ್ ತಿಂಗಳಲ್ಲಿ ಅವನಿಗೆ ಒಂದು ಬದಲಾವಣೆ ಕಾಣಿಸತೊಡಗಿತು. ಅವರು ಬೀದಿಗೆ ಬಂದರೆ ಹೆಂಗಸರು ಕಿಟಕಿಯಿಂದ ಬಗ್ಗಿ ನೋಡಿ ಪಿಸುಗುಡುತ್ತಿದ್ದರು. "ಅವಳೇ, ಆ ಚಿತ್ರದ ಹುಡುಗಿ. ಅವನೇ ಅಪ್ಪ." ಓಬೆಡ್ ಎದೆ ಉಬ್ಬಿಸಿ ಟೋಪಿ ಎತ್ತುತ್ತಿದ್ದ. ಕಿಜಿಯ ಕೈಗೆ ಒಂದು ಬನ್ನು ಸಿಗುತ್ತಿತ್ತು. ಅವನ ಕೈಗೆ ಅಚ್ಚುಹಾಕಿಸಿದ ಒಂದು ಚೀಟಿ ಸಿಗುತ್ತಿತ್ತು. ಕೊಡೆ ಮಾತ್ರ ಯಾರೂ ಕೊಡುತ್ತಿರಲಿಲ್ಲ. ದೊಡ್ಡ ಹೆಸರು ಬಂದವರ ಕೈಗೆ ಹಳೇ ಕೊಡೆ ಕೊಡಲು ಜನಕ್ಕೆ ಸಂಕೋಚವಿರಬೇಕು ಎಂದುಕೊಂಡ. ಹದಿನೈದು ದಿನದಲ್ಲಿ ಚೀಟಿಗಳು ಒಂದು ಕಟ್ಟಾದವು. ಅವನು ಅವನ್ನೆಲ್ಲ ಹಿಡಿದು ಜಾಬ್ಲಿಂಗ್‌ನ ಅಂಗಡಿಗೆ ಹೋದ, ಓದಿಸಲು.

ಅಂಗಡಿಯ ಗೋಡೆಯ ಮೇಲೆ ವಾರಪತ್ರಿಕೆಯಿಂದ ಕತ್ತರಿಸಿದ ಹಾಳೆಯೊಂದನ್ನು ಮೊಳೆ ಹೊಡೆದು ಹಾಕಿತ್ತು. ಮೆಟ್ಟಿಲು, ಮಳೆ, ಹರಕು ಕೊಡೆ. ಅದರ ಕೆಳಗೆ ಅವನ ಕಿಜಿ. ಓಬೆಡ್ ಹತ್ತಿರ ಹೋಗಿ ನಿಂತ. ಹುಡುಗಿಯ ಹಣೆ ಥೇಟ್ ಹನ್ನಾಳದ್ದೇ. ಇದು ಅವನಿಗೆ ಈವರೆಗೆ ಹೊಳೆದೇ ಇರಲಿಲ್ಲ.

"ಕೆಳಗೆ ಹೆಸರು ಹಾಕಿದ್ದಾರಲ್ಲ ಜಾಬ್ಲಿಂಗ್," ಎಂದ, ಮೆಲ್ಲಗೆ. "ಅದರಲ್ಲಿ ನಾನಿದ್ದೀನಾ?"

ಜಾಬ್ಲಿಂಗ್ ಕತ್ತಿ ಮಸೆಯುವುದನ್ನು ನಿಲ್ಲಿಸಿದ. "ಇದ್ದೀಯ. ಮೊದಲನೇ ಪದವೇ ನೀನು."

"ಓದು ಮತ್ತೆ."

"ಮುಖಕ್ಕೆ ಸೋಪು ಹಚ್ತೀನಿ, ಕೂತ್ಕೊ."

"ಇಲ್ಲ, ಓದು."

ಜಾಬ್ಲಿಂಗ್ ಬೇರೆಲ್ಲೋ ನೋಡುತ್ತ ಓದಿದ: "'ಕುಡುಕನ ಮಗಳು.'"

ಓಬೆಡ್ ಬಹಳ ಹೊತ್ತು ಆ ಎರಡು ಪದಗಳ ಮೇಲೆ ಬೆರಳಾಡಿಸುತ್ತ ನಿಂತ. ಯಾವುದು ತಾನು, ಯಾವುದು ಮಗಳು ಎಂದು ಗುರುತು ಹಿಡಿಯಲು ನೋಡಿದ. ಚೀಟಿಗಳಲ್ಲೆಲ್ಲ 'ಕುಡಿತ ಬಿಡು' ಎಂದೇ ಇರಬೇಕೆಂದು ಓದಿಸದೆಯೇ ಗೊತ್ತಾಯಿತು. ಆಮೇಲೆ ಚೀಟಿಗಳ ಕಟ್ಟನ್ನು ಸೋಪಿನ ಬಟ್ಟಲ ಪಕ್ಕದಲ್ಲಿಟ್ಟು, ಕುರ್ಚಿಯ ಮೇಲೆ ಕೂತು, ಕತ್ತು ಹಿಂದಕ್ಕೆ ಚಾಚಿದ.

"ಆಯಮ್ಮನಿಗೆ ಒಂದು ಕಾಗದ ಬರೆದುಕೊಡು ಜಾಬ್ಲಿಂಗ್," ಎಂದ. "ಚಿತ್ರಕ್ಕೆ ಮುಂಚಿನ 'ಅನಾಥೆ' ಅನ್ನೋ ಹೆಸರನ್ನೇ ಇಡಿ ಅಂತ ಬರಿ. ನಾನು ಸತ್ತೇ ಇರ್ತೀನಿ."